ಒಂಬತ್ತನೇ ತರಗತಿಯ ಬೀಜಗಣಿತ: ಸಾಯನ್ ಹತ್ತಿರದ ಒಂದು ಕನ್ನಡ ಶಾಲೆಯ ವರ್ಷದ ಯೋಜನೆ

ಮುಂಬಯಿಯಲ್ಲಿ ಶಾಲೆ ಜೂನ್ ಮಧ್ಯಕ್ಕೆ ತೆರೆಯುತ್ತದೆ. ಆದರೆ ನಮ್ಮ ಒಂಬತ್ತನೇ ತರಗತಿಯ ಬೆಂಚು ತುಂಬುವುದು ಜುಲೈ ಎರಡನೇ ವಾರಕ್ಕೆ. ಮಕ್ಕಳು ಊರಿಗೆ ಹೋಗಿರುತ್ತಾರೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರೇ ಜಾಸ್ತಿ. ಅಪ್ಪ ಅಮ್ಮ ಕಟ್ಟಡದ ಕೆಲಸ, ಮನೆಕೆಲಸ, ತರಕಾರಿ ಗಾಡಿ ಎಂದು ದುಡಿಯುತ್ತಾರೆ. ಮೇ ತಿಂಗಳಲ್ಲಿ ಊರಿಗೆ ಹೋದರೆ ಒಂದು ಮಳೆ ಬಿದ್ದು ಬಿತ್ತನೆ ಮುಗಿಯುವವರೆಗೂ ವಾಪಸ್ ಬರುವುದಿಲ್ಲ. ಕೆಲವರು ಅಲ್ಲಿನ ಶಾಲೆಯಲ್ಲೇ ಎಂಟನೇ ತರಗತಿ ಮುಗಿಸಿ, ಹೊಸದಾಗಿ ಇಲ್ಲಿ ಸೇರುತ್ತಾರೆ. ಕರ್ನಾಟಕದಲ್ಲಿ ಗಣಿತದ ಪುಸ್ತಕಕ್ಕೆ ಭಾಗ 1, ಭಾಗ 2 ಎಂದಿದ್ದರೆ ವರ್ಷದ ಮೊದಲರ್ಧ, ಕೊನೆಯರ್ಧ ಎಂದರ್ಥ. ಮಹಾರಾಷ್ಟ್ರದಲ್ಲಿ ಭಾಗ 1 ಬೀಜಗಣಿತ, ಭಾಗ 2 ರೇಖಾಗಣಿತ. ಎರಡೂ ಜೊತೆಜೊತೆಗೆ ನಡೆಯುತ್ತವೆ. ಹೊಸದಾಗಿ ಬಂದ ಮಕ್ಕಳಿಗೆ ಇದು ಅರ್ಥವಾಗಲು ಒಂದು ವಾರ ಬೇಕು.

2025-26ರಲ್ಲಿ ಈ ತರಗತಿಯ ಬೀಜಗಣಿತ ನನ್ನ ಪಾಲಿಗೆ ಬಂತು. ರೇಖಾಗಣಿತ ನನ್ನ ಸಹೋದ್ಯೋಗಿಯದ್ದು. ಮೂವತ್ತಕ್ಕೂ ಹೆಚ್ಚು ಮಕ್ಕಳು. ವಾರಕ್ಕೆ ನಾಲ್ಕು ಪಿರಿಯಡ್. ನಾವಿಬ್ಬರೂ ಸೇರಿ ವರ್ಷದ ಯೋಜನೆ ಹೇಗೆ ಮಾಡಿದೆವು, ಪರೀಕ್ಷೆಗಳನ್ನು ಹೇಗೆ ಕಟ್ಟಿದೆವು, ಯಾವುದು ನಡೆಯಿತು, ಯಾವುದು ಇನ್ನೂ ಬಾಕಿ ಇದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ತರಗತಿ ನಡೆಸುವ ಕನ್ನಡ ಶಿಕ್ಷಕರು ಪುಣೆಯಲ್ಲಿ, ಸೊಲ್ಲಾಪುರದಲ್ಲಿ, ಅಕ್ಕಲಕೋಟೆಯಲ್ಲಿ ಬೇಕಾದಷ್ಟಿದ್ದಾರೆ.

ಒಂಬತ್ತನೇ ತರಗತಿಯೇ ಯಾಕೆ ಇಷ್ಟು ಮುಖ್ಯ? ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಗಣಿತಕ್ಕೆ 100 ಅಂಕ. ಬೀಜಗಣಿತದ ಪತ್ರಿಕೆಗೆ 40, ರೇಖಾಗಣಿತಕ್ಕೆ 40, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20. ಹತ್ತನೆಯ ಬೀಜಗಣಿತ ಶುರುವಾಗುವುದೇ ಎರಡು ಚರಾಕ್ಷರಗಳ ಸಮೀಕರಣದಿಂದ. ಅದರ ಬೆನ್ನಿಗೇ ವರ್ಗ ಸಮೀಕರಣ. ಒಂಬತ್ತರಲ್ಲಿ ಅಪವರ್ತನ, ಅಂದರೆ ಗುಣಾಕಾರದ ತುಂಡುಗಳಾಗಿ ಬಿಡಿಸುವುದು, ಕೈಗೆ ಬರದ ಮಗುವಿಗೆ ಹತ್ತನೆಯ ಜುಲೈ ತಿಂಗಳಲ್ಲೇ ಕತ್ತಲೆ ಕವಿಯುತ್ತದೆ. ಆಗ ಉಳಿಯುವ ದಾರಿ ಬಾಯಿಪಾಠ ಒಂದೇ.

ಮೊದಲು ನೋಡಿದ್ದು

ಜುಲೈಯಲ್ಲಿ ತರಗತಿ ತುಂಬಿದ ಮೇಲೆ ಒಂದು ಸಣ್ಣ ಪರೀಕ್ಷೆ ಕೊಟ್ಟೆವು. ಅದಕ್ಕೆ ಅಂಕವಿಲ್ಲ, ಹಾಳೆಯ ಮೇಲೆ ಹೆಸರು ಮಾತ್ರ. ಪ್ರಶ್ನೆಗಳು ಐದನೇ, ಆರನೇ ತರಗತಿಯ ಮಟ್ಟದವು. ನಮಗೆ ಬೇಕಾದದ್ದು ಎಷ್ಟು ಸರಿ ಎಂಬ ಲೆಕ್ಕವಾಗಿರಲಿಲ್ಲ, ತಪ್ಪು ಯಾವ ಬಗೆಯದ್ದು ಎಂಬ ಸುಳಿವು.

19 − 3 + 6 ಎಷ್ಟು ಎಂದು ಕೇಳಿದ್ದೆವು. ಅರ್ಧಕ್ಕಿಂತ ಹೆಚ್ಚು ಮಕ್ಕಳು 10 ಎಂದು ಬರೆದರು. ಮೊದಲು 3 ಮತ್ತು 6 ಕೂಡಿಸಿ 9 ಮಾಡಿ, ಅದನ್ನು 19ರಿಂದ ಕಳೆದಿದ್ದರು. 3ಎಕ್ಸ್ + 4 ಇದನ್ನು ಸುಲಭರೂಪಕ್ಕೆ ತನ್ನಿ ಎಂದಾಗ ಬಂದ ಉತ್ತರ 7ಎಕ್ಸ್. ಒಬ್ಬ ಹುಡುಗಿ 7ಎಕ್ಸ್ ಬರೆದು, ಪಕ್ಕದಲ್ಲಿ ‘ಇನ್ನೂ ಮಾಡಲಿಕ್ಕೆ ಬರಲ್ಲ’ ಎಂದು ಸಣ್ಣದಾಗಿ ಬರೆದಿದ್ದಳು. ಉತ್ತರ ಎಂದರೆ ಕೊನೆಗೆ ಒಂದೇ ತುಂಡಾಗಿ ನಿಲ್ಲಬೇಕು, 3ಎಕ್ಸ್ + 4 ಎಂದೇ ಬಿಟ್ಟರೆ ಲೆಕ್ಕ ಅರ್ಧಕ್ಕೆ ನಿಂತಂತೆ ಎಂಬುದು ಅವಳ ನಂಬಿಕೆ.

ಇನ್ನೊಂದು ಪ್ರಶ್ನೆ ಹೋಟೆಲಿನದ್ದು. ಒಂದು ಹೋಟೆಲಿನಲ್ಲಿ ಅಡಿಗೆಯವರ ಆರರಷ್ಟು ಸಪ್ಲೈಯರುಗಳಿದ್ದಾರೆ. ಅಡಿಗೆಯವರ ಸಂಖ್ಯೆ ಅ, ಸಪ್ಲೈಯರುಗಳ ಸಂಖ್ಯೆ ಸ. ಸಮೀಕರಣ ಬರೆಯಿರಿ. ಬರಬೇಕಾದದ್ದು ಸ = 6ಅ. ಹೆಚ್ಚಿನವರು 6ಸ = ಅ ಎಂದು ಬರೆದರು. ಇದು ನಮ್ಮ ಮಕ್ಕಳ ದಡ್ಡತನ ಅಂದುಕೊಳ್ಳಬಾರದು. 1980ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಇಂಥದ್ದೇ ಪ್ರಶ್ನೆಯನ್ನು ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಕೊಟ್ಟಾಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಜನ ಎಡವಿದ್ದರು. ಹೆಚ್ಚಿನವರು ತಪ್ಪಿದ್ದೂ ಹೀಗೇ, ತಿರುಗುಮುರುಗಾಗಿ. ಅಕ್ಷರವನ್ನು ಸಂಖ್ಯೆ ಎಂದು ಓದದೆ ವಸ್ತುವಿನ ಗುರುತು ಎಂದು ಓದಿದರೆ 6ಸ ಎಂದರೆ ‘ಆರು ಸಪ್ಲೈಯರು’ ಆಗಿಬಿಡುತ್ತದೆ. ತಪ್ಪಿನ ಹಿಂದೆ ಒಂದು ತರ್ಕ ಇದೆ. ಆ ತರ್ಕ ಗೊತ್ತಾದರೆ ಮಾತ್ರ ಪಾಠ ಎಲ್ಲಿಂದ ಶುರುವಾಗಬೇಕು ಎಂಬುದು ಗೊತ್ತಾಗುತ್ತದೆ.

ಯೋಜನೆ

ಇಂಥ ಫಲಿತಾಂಶ ಬಂದಾಗ ಶಾಲೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ. ಒಂದು ತಿಂಗಳು ಹಳೇ ಪಾಠ ಮಾಡಿ, ಆಮೇಲೆ ಈ ವರ್ಷದ್ದು ಶುರು ಮಾಡಿ. ನನಗೆ ಇದು ಸರಿ ಕಾಣುವುದಿಲ್ಲ. ಹದಿನಾಲ್ಕು ವರ್ಷದ ಮಕ್ಕಳಿಗೆ ಒಂದು ತಿಂಗಳು ಕೂಡಿ ಕಳೆ ಮಾಡಿಸಿದರೆ ಅವರಿಗೆ ಅವಮಾನ ಆಗುತ್ತದೆ. ಮತ್ತೆ, ಅಲ್ಲಿ ಸರಿ ಮಾಡಿದ್ದು ಇಲ್ಲಿ ಬಹುಪದಿ ಬಂದ ಕೂಡಲೇ ಹಳೇ ದಾರಿಗೇ ತಿರುಗುತ್ತದೆ. ತಪ್ಪು ಎಲ್ಲಿ ಕಾಣಿಸಿಕೊಳ್ಳುತ್ತದೋ ಅಲ್ಲೇ, ಆ ಪಾಠದ ಒಳಗೇ ಅದನ್ನು ಸರಿಪಡಿಸಬೇಕು.

ಮಾನಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಅಂಕಗಣಿತದಿಂದ ಬೀಜಗಣಿತಕ್ಕೆ ದಾಟುವ ಮಕ್ಕಳಿಗಾಗಿ ಒಂದು ದಾರಿ ಬೆಳೆಸಿದ್ದಾರೆ. ಅದು ನಮಗೆ ತುಂಬ ಉಪಯೋಗವಾಯಿತು. 19 − 3 + 6 ಅಥವಾ 3ಎಕ್ಸ್ + 4 ಇಂಥ ರಾಶಿಯನ್ನು ಎಡದಿಂದ ಬಲಕ್ಕೆ ಮಾಡುತ್ತ ಹೋಗುವ ಮೊದಲು ಅದರ ಪದಗಳನ್ನು ಗುರುತಿಸುವುದು. ಪ್ರತಿ ಪದವನ್ನೂ ಅದರ ಚಿಹ್ನೆಯ ಸಮೇತ ಒಂದು ಡಬ್ಬಿಯೊಳಗೆ ಹಾಕುವುದು. 19 − 3 + 6ರಲ್ಲಿ ಮೂರು ಡಬ್ಬಿ: +19, −3, +6. ಮೈನಸ್ ಮೂರರ ಜೊತೆಗೇ ಇದೆ, ಅದು ಆರಿನ ಮೇಲೆ ಹೋಗಿ ಕೂರುವುದಿಲ್ಲ. ಡಬ್ಬಿಗಳನ್ನು ಹಿಂದೆಮುಂದೆ ಮಾಡಿದರೂ ಬೆಲೆ 22ರಲ್ಲೇ ನಿಲ್ಲುತ್ತದೆ. 3ಎಕ್ಸ್ + 4ರಲ್ಲಿ ಎರಡು ಡಬ್ಬಿ. ಒಂದರಲ್ಲಿ ಎಕ್ಸ್ ಇದೆ, ಇನ್ನೊಂದರಲ್ಲಿ ಇಲ್ಲ. ಕೂಡಿಸಿ ಒಂದೇ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ದಿನಾ ಪಿರಿಯಡ್ಡಿನ ಮೊದಲ ಐದು ನಿಮಿಷ ಬೋರ್ಡಿನ ಮೇಲೆ ಒಂದೇ ಒಂದು ರಾಶಿ, ಅದಕ್ಕೆ ಡಬ್ಬಿ ಹಾಕುವುದು. ಇದನ್ನು ದೀಪಾವಳಿವರೆಗೂ ಬಿಡಲಿಲ್ಲ.

ಇನ್ನು ಪಾಠಗಳ ಸರದಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿಯ ಒಂಬತ್ತನೇ ತರಗತಿಯ ಭಾಗ 1ರಲ್ಲಿ ಏಳು ಪಾಠ: ಗಣಗಳು, ವಾಸ್ತವ ಸಂಖ್ಯೆಗಳು, ಬಹುಪದಿಗಳು, ಗುಣೋತ್ತರ ಮತ್ತು ಪ್ರಮಾಣ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ, ಆರ್ಥಿಕ ನಿಯೋಜನೆ, ಸಂಖ್ಯಾಶಾಸ್ತ್ರ. ಗಣಗಳನ್ನು ಜೂನ್‌ನಲ್ಲೇ ಇಟ್ಟುಕೊಂಡೆವು. ಅರ್ಧ ತರಗತಿ ಊರಲ್ಲಿರುವಾಗ ಮಾಡಲು ಅದು ಒಳ್ಳೆಯ ಪಾಠ. ತಡವಾಗಿ ಬಂದವರು ಗೆಳೆಯರ ನೋಟ್‌ಬುಕ್ ನೋಡಿ ಕಲಿಯಬಹುದು, ಮುಂದಿನ ಪಾಠ ಅದರ ಮೇಲೆ ನಿಂತಿಲ್ಲ. ಗುಣೋತ್ತರವನ್ನು ಬಹುಪದಿಗಿಂತ ಮುಂದಕ್ಕೆ ತಂದೆವು. ದುಡ್ಡು, ತೂಕ, ಪಾಲು ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅಕ್ಷರ ಬಳಸುವುದನ್ನು ಗೊತ್ತಿರುವ ಜಾಗದಲ್ಲಿ ಶುರು ಮಾಡಿದರೆ ಹೆದರಿಕೆ ಕಡಿಮೆ. ವಾಸ್ತವ ಸಂಖ್ಯೆಗಳ ಪಾಠದಲ್ಲಿ ಬರುವ ಕರಣಿಗಳಿಗೆ (√2ರಂಥವು) ಸ್ವಲ್ಪ ಕಡಿಮೆ ಪಿರಿಯಡ್ ಕೊಟ್ಟು, ಉಳಿದ ಸಮಯವನ್ನು ಬಹುಪದಿಗೆ ಹಾಕಿದೆವು. ಋಣ ಸಂಖ್ಯೆಗೆ ವರ್ಗಮೂಲ ಯಾಕಿಲ್ಲ ಎಂಬ ಮಾತು ಬಂದಾಗ ಗಣಿತಜ್ಞ ಮಹಾವೀರಾಚಾರ್ಯನ ಬಗ್ಗೆ ಹೇಳಿದೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅವನು ಇದನ್ನೇ ಬರೆದಿದ್ದ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದರೆ ಈಗಿನ ಮಳಖೇಡ. ನಮ್ಮ ತರಗತಿಯ ಇಬ್ಬರ ಊರು ಅಲ್ಲಿಗೆ ಹತ್ತಿರ. ಅವರ ಮುಖ ಅರಳಿದ್ದು ನೋಡಬೇಕಿತ್ತು.

ಆರ್ಥಿಕ ನಿಯೋಜನೆಯ ಪಾಠದಲ್ಲಿ ಒಂದು ಎಚ್ಚರ ಬೇಕು. ಪುಸ್ತಕ 2017ರದ್ದು, ಅಲ್ಲಿನ ತೆರಿಗೆ ಹಂತಗಳೂ ಆಗಿನವೇ. ಪರೀಕ್ಷೆಗೆ ಪುಸ್ತಕದ ಕೋಷ್ಟಕ, ತಿಳಿವಳಿಕೆಗೆ ಈಗಿನ ಕೋಷ್ಟಕ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾಡಿಸಿದೆವು. ಸಂಖ್ಯಾಶಾಸ್ತ್ರ ಸುಗಮವಾಗಿ ಹೋಯಿತು.

ಪ್ರಶ್ನೆಪತ್ರಿಕೆ ಮೊದಲು, ಪಾಠ ಆಮೇಲೆ

ಇಡೀ ಯೋಜನೆಯಲ್ಲಿ ನಾನು ಗಟ್ಟಿಯಾಗಿ ಹಿಡಿದ ವಿಷಯ ಇದು. ಪ್ರತಿ ಪಾಠ ಶುರು ಮಾಡುವ ಮೊದಲೇ ಅದರ ಕಿರುಪರೀಕ್ಷೆ ಬರೆದಿಡುವುದು. ಪಾಠ ಮುಗಿದ ಮೇಲೆ ಪ್ರಶ್ನೆ ತೆಗೆದರೆ ಸುಮ್ನೆ ನಾವು ಏನು ಹೇಳಿದೆವೋ ಅದನ್ನೇ ಕೇಳಿಬಿಡುತ್ತೇವೆ. ಮೊದಲೇ ಬರೆದರೆ ಮಗುವಿಗೆ ಕೊನೆಗೆ ಏನು ಮಾಡಲು ಬರಬೇಕು ಎಂಬುದನ್ನು ತೀರ್ಮಾನಿಸಲೇಬೇಕಾಗುತ್ತದೆ. ಬಹುಪದಿಯ ಪರೀಕ್ಷೆಯನ್ನು ಜುಲೈಯಲ್ಲಿ ಬರೆದಾಗ ಅದರಲ್ಲಿ ಸಂಶ್ಲೇಷಣಾತ್ಮಕ ಭಾಗಾಕಾರದ (ಬಹುಪದಿಯನ್ನು ಭಾಗಿಸುವ ಒಂದು ಚುಟುಕು ವಿಧಾನ) ಲೆಕ್ಕ ಒಂದೇ ಇತ್ತು, ಅಪವರ್ತನದ್ದು ನಾಲ್ಕು. ಹತ್ತನೇ ತರಗತಿಗೆ ಬೇಕಾದದ್ದು ಅಪವರ್ತನ. ಪಿರಿಯಡ್ಡುಗಳನ್ನೂ ಅದೇ ಲೆಕ್ಕದಲ್ಲಿ ಹಂಚಿದೆವು.

ಪ್ರತಿ ಕಿರುಪರೀಕ್ಷೆಯಲ್ಲೂ ಬೋರ್ಡಿನ ಮಾದರಿಯ ಪ್ರಶ್ನೆ ಇದ್ದೇ ಇತ್ತು: ನಾಲ್ಕು ಆಯ್ಕೆಯವು, ಖಾಲಿ ಚೌಕ ತುಂಬುವ ಕೃತಿಗಳು, ಹಂತ ಹಂತವಾಗಿ ಬಿಡಿಸುವವು. ಅದರ ಜೊತೆ ನಾವು ಸೇರಿಸಿದ್ದು ಒಂದು ‘ತಪ್ಪು ಹುಡುಕು’. ಯಾರೋ ಮಾಡಿದ ಲೆಕ್ಕ ಕೊಟ್ಟಿರುತ್ತದೆ, ಯಾವ ಸಾಲಿನಲ್ಲಿ ದಾರಿ ತಪ್ಪಿತು, ಯಾಕೆ ಎಂದು ಬರೆಯಬೇಕು. ಮೊದಲ ಸಲ ಮಕ್ಕಳು ಬರೆದದ್ದು ‘ಉತ್ತರ ತಪ್ಪು’ ಎಂದಷ್ಟೇ. ಸೆಪ್ಟೆಂಬರ್ ಹೊತ್ತಿಗೆ ಒಬ್ಬ ಬರೆದ: ‘ಮೂರನೇ ಸಾಲಲ್ಲಿ ಆವರಣ ತೆಗೆದಾಗ ಮೈನಸ್ ಮೊದಲನೇ ಪದಕ್ಕೆ ಮಾತ್ರ ಕೊಟ್ಟಾರ, ಎರಡನೇದಕ್ಕೆ ಕೊಟ್ಟಿಲ್ಲ.’ ಈ ಒಂದು ವಾಕ್ಯದಿಂದ ಅವನ ಬಗ್ಗೆ ನನಗೆ ಗೊತ್ತಾದದ್ದು ಹತ್ತು ಸರಿಯುತ್ತರಗಳಿಂದಲೂ ಗೊತ್ತಾಗುತ್ತಿರಲಿಲ್ಲ.

ಉತ್ತರಪತ್ರಿಕೆ ವಾಪಸ್ ಕೊಡುವ ರೀತಿಯನ್ನೂ ಬದಲಿಸಿದೆವು. ಮೊದಲ ದಿನ ಅಂಕ ಇಲ್ಲ. ತಪ್ಪಿದ ಸಾಲಿನ ಕೆಳಗೆ ಒಂದು ಗೆರೆ, ಪಕ್ಕದಲ್ಲಿ ಒಂದು ಪ್ರಶ್ನೆ: ‘ಈ 4ರ ಚಿಹ್ನೆ ಯಾವುದು?’ ಮಕ್ಕಳು ಅದನ್ನು ಸರಿಪಡಿಸಿ ತಂದ ಮೇಲೆ ಅಂಕ ಹೇಳುತ್ತಿದ್ದೆವು. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಚೆನ್ನಾಗಿ ಮಾಡಿದ್ದರು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಒಟ್ಟಿಗೆ ಪಡೆದವರಿಗೆ ಆ ಲಾಭ ಸಿಗಲಿಲ್ಲ. ನಮ್ಮ ತರಗತಿಯಲ್ಲೂ ಕಂಡದ್ದು ಇದೇ. ಅಂಕ ಕಂಡ ಕೂಡಲೇ ಹಾಳೆ ಮಡಚಿ ಬ್ಯಾಗಿಗೆ ಹೋಗುತ್ತದೆ.

ಪಾಲಕರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ‘ಎಷ್ಟು ಬಂತು ಅಂತ ಹೇಳ್ರಿ ಸರ್, ಉಳಿದದ್ದು ನಮಗೆ ತಿಳಿಯೂದಿಲ್ಲ’ ಎಂದರು ಒಬ್ಬ ತಂದೆ. ಅವರ ಮಾತು ನ್ಯಾಯವಾದದ್ದೇ. ಓದು ಬರಹ ಬಾರದವರಿಗೆ ಮಗುವಿನ ಕಲಿಕೆ ಕಾಣಿಸುವುದು ಅಂಕದಲ್ಲಿ ಮಾತ್ರ. ಅದಕ್ಕೆ ಪಾಲಕರ ಸಭೆಯಲ್ಲಿ ಮಕ್ಕಳಿಂದಲೇ ಹೇಳಿಸಿದೆವು: ಹೋದ ತಿಂಗಳು ನನ್ನ ತಪ್ಪು ಇದು, ಈ ತಿಂಗಳು ಇದು ಸರಿಯಾಗಿದೆ. ಅಂಕವನ್ನೂ ಹೇಳಿದೆವು. ಆ ಸಭೆಯಾದ ಮೇಲೆ ತಕರಾರು ನಿಂತಿತು.

ತಲೆಯಲ್ಲೇ ಬಿಡಿಸುವ ಹುಡುಗ

ಒಬ್ಬ ಹುಡುಗನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಯಾದಗಿರಿ ಕಡೆಯಿಂದ ಜುಲೈಯಲ್ಲಿ ಬಂದು ಸೇರಿದವನು. ಸಂಜೆ ತಂದೆಯ ತರಕಾರಿ ಗಾಡಿಯಲ್ಲಿ ನಿಲ್ಲುತ್ತಾನೆ. ರೇಖಾತ್ಮಕ ಸಮೀಕರಣದ ಪಾಠದ ಮೊದಲ ದಿನ ಈ ಲೆಕ್ಕ ಕೊಟ್ಟೆ: ಮೂರು ವಡಾಪಾವ್, ಎರಡು ಚಹಾಕ್ಕೆ 80 ರೂಪಾಯಿ. ಎರಡು ವಡಾಪಾವ್, ಮೂರು ಚಹಾಕ್ಕೆ 70 ರೂಪಾಯಿ. ಒಂದೊಂದರ ಬೆಲೆ ಎಷ್ಟು?

ಉಳಿದವರು ಎಕ್ಸ್, ವೈ ಎಂದು ಬರೆಯುತ್ತಿದ್ದಾಗಲೇ ಅವನು ‘ವಡಾ 20, ಚಹಾ 10’ ಎಂದ. ಹೇಗೆ ಎಂದು ಕೇಳಿದೆ. ‘ಎರಡೂ ಬಿಲ್ ಕೂಡಿಸಿದರ ಐದು ವಡಾ, ಐದು ಚಹಾ, 150. ಅಂದರ ಒಂದು ವಡಾ ಒಂದು ಚಹಾ 30. ಮೊದಲನೇ ಬಿಲ್ಲಿನಾಗ ಒಂದು ವಡಾ ಜಾಸ್ತಿ, ಒಂದು ಚಹಾ ಕಡಿಮಿ. ಹತ್ತು ರೂಪಾಯಿ ಫರಕ್.’

ಸಹಗುಣಕಗಳು, ಅಂದರೆ ಎಕ್ಸ್, ವೈ ಜೊತೆಗಿನ ಸಂಖ್ಯೆಗಳು, ಅದಲುಬದಲಾಗಿರುವ ಸಮೀಕರಣಗಳಿಗೆ ಹೇಳಿಕೊಡುವ ರೀತಿ ಇದೇ ಅಲ್ವಾ? ಎರಡನ್ನೂ ಕೂಡಿಸು, ಎರಡನ್ನೂ ಕಳೆ, ಎಕ್ಸ್ + ವೈ ಮತ್ತು ಎಕ್ಸ್ − ವೈ ಸಿಗುತ್ತದೆ. ಅವನು ಹೇಳಿದ್ದನ್ನು ಹಾಗೇ ಬೋರ್ಡಿನ ಮೇಲೆ ಬರೆದು, ಪ್ರತಿ ವಾಕ್ಯದ ಮುಂದೆ ಸಮೀಕರಣ ಬರೆದೆ. ಅವನ ವಿಚಾರಕ್ಕೂ ಪುಸ್ತಕದ ವಿಧಾನಕ್ಕೂ ವ್ಯತ್ಯಾಸವಿಲ್ಲ ಎಂದು ಎಲ್ಲರಿಗೂ ಕಂಡಿತು.

ತೊಂದರೆ ಬಂದದ್ದು ಪರೀಕ್ಷೆಯಲ್ಲಿ. ಅವನು ಉತ್ತರ ಮಾತ್ರ ಬರೆಯುತ್ತಿದ್ದ. ಬೋರ್ಡ್ ಪರೀಕ್ಷೆಯಲ್ಲಿ ಹಂತಗಳಿಗೇ ಅಂಕ, ಹೀಗೆ ಬರೆದರೆ ಹೆಚ್ಚಿನದ್ದು ಕೈಬಿಟ್ಟು ಹೋಗುತ್ತದೆ. ಸಹೋದ್ಯೋಗಿ ಈಗಲೇ ಅಂಕ ಕಡಿತ ಮಾಡೋಣ ಎಂದರು. ನಾನು ಒಪ್ಪಲಿಲ್ಲ. ತಲೆಯಲ್ಲೇ ಆಗುವ ಲೆಕ್ಕಕ್ಕೆ ಯಾಕೆ ಬರೆಯಬೇಕು ಎಂದು ಅವನು ಕೇಳಿದರೆ ನಮ್ಮ ಹತ್ತಿರ ಉತ್ತರ ಇರಬೇಕು. ಆ ಉತ್ತರ ಲೆಕ್ಕದ ಒಳಗೇ ಇರಬೇಕು. ಮುಂದಿನ ಪರೀಕ್ಷೆಗೆ 13ಎಕ್ಸ್ + 11ವೈ = 7, 11ಎಕ್ಸ್ + 13ವೈ = 17 ಎಂದು ಕೊಟ್ಟೆವು. ಇಲ್ಲಿ ಎಕ್ಸ್‌ನ ಬೆಲೆ −2. ಯಾವ ವಡಾಪಾವಿನ ಬೆಲೆಯೂ ಮೈನಸ್ ಎರಡು ಇರುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಬರೆಯತೊಡಗಿದ. ಮೂರು ಸಾಲು ಬರೆದ. ಕೂಡಿಸಿ 24ರಿಂದ ಭಾಗಿಸಿದ್ದ, ಕಳೆದು 2ರಿಂದ ಭಾಗಿಸಿದ್ದ. ಎಲ್ಲ ಸರಿ. ಪ್ರಶ್ನೆಯಲ್ಲಿ ಬರೆಯುವ ಅಗತ್ಯ ಇಟ್ಟರೆ ಮಗು ಬರೆಯುತ್ತದೆ ಎಂಬ ನನ್ನ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು.

ಮೀಟರಿನ ಲೆಕ್ಕ

ಆಂತರಿಕ ಅಂಕಗಳಿಗೆ ಪ್ರಾಜೆಕ್ಟ್ ಎಂದರೆ ಬಣ್ಣದ ಚಾರ್ಟು ಎಂಬ ರೂಢಿ ಇದೆ. ಈ ಸಲ ಬೇರೆ ಕೊಟ್ಟೆವು. ಸಾಯನ್ ಒಂದು ಗಡಿ. ಇಲ್ಲಿಂದ ಉಪನಗರದ ಕಡೆಗೆ ರಿಕ್ಷಾ ಓಡುತ್ತದೆ, ದಕ್ಷಿಣಕ್ಕೆ ಕಾಲಿ-ಪೀಲಿ ಟ್ಯಾಕ್ಸಿ ಮಾತ್ರ. 2025ರ ಫೆಬ್ರವರಿ 1ರಿಂದ ರಿಕ್ಷಾಕ್ಕೆ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಆಮೇಲೆ ಕಿಲೋಮೀಟರಿಗೆ 17 ರೂಪಾಯಿ 14 ಪೈಸೆ. ಟ್ಯಾಕ್ಸಿಗೆ 31 ರೂಪಾಯಿ, ಆಮೇಲೆ 20 ರೂಪಾಯಿ 66 ಪೈಸೆ. ಪ್ರಶ್ನೆ ಇಷ್ಟೇ: ಬಾಡಿಗೆ ದೂರಕ್ಕೆ ಸಮಪ್ರಮಾಣದಲ್ಲಿದೆಯೇ?

ಎಲ್ಲರೂ ಮೊದಲು ‘ಇಲ್ಲ’ ಎಂದರು. ಮಿನಿಮಮ್ ಚಾರ್ಜ್ ಇದೆಯಲ್ಲ! ಐದು ಕಿಲೋಮೀಟರಿಗೆ ಟ್ಯಾಕ್ಸಿ ಬಾಡಿಗೆ ಲೆಕ್ಕ ಮಾಡಿದರು: 31ಕ್ಕೆ ಮೂರೂವರೆ ಸಲ 20.66 ಸೇರಿಸಿದರೆ 103.31. ನೇರವಾಗಿ ಐದು ಸಲ 20.66 ಮಾಡಿದರೆ 103.30. ಒಂದೇ ಪೈಸೆ ವ್ಯತ್ಯಾಸ. ತರಗತಿಯಲ್ಲಿ ಗಲಾಟೆಯೋ ಗಲಾಟೆ. ರಿಕ್ಷಾದಲ್ಲಿ 29 ಪೈಸೆ. ಅಂದರೆ ಮಿನಿಮಮ್ ಚಾರ್ಜ್ ಎಂಬುದು ಒಂದೂವರೆ ಕಿಲೋಮೀಟರಿನ ಬಾಡಿಗೆಯೇ, ರಿಕ್ಷಾದಲ್ಲೂ ಟ್ಯಾಕ್ಸಿಯಲ್ಲೂ ಅದನ್ನು ಪೂರ್ತಿ ರೂಪಾಯಿಗೆ ಏರಿಸಲಾಗಿದೆ, ಅಷ್ಟೇ. ಅದಕ್ಕಿಂತ ಕಡಿಮೆ ದೂರ ಹೋದವರಿಗೆ ಮಾತ್ರ ನಷ್ಟ. ನಕ್ಷೆ ತೆಗೆದಾಗ ಗೆರೆ ಒಂದೂವರೆವರೆಗೆ ಮಟ್ಟಸವಾಗಿ ಹೋಗಿ, ಆಮೇಲೆ ಏರುತ್ತದೆ. ಏರುವ ಗೆರೆಯನ್ನು ಹಿಂದಕ್ಕೆ ಎಳೆದರೆ ಹೆಚ್ಚುಕಡಿಮೆ ಸೊನ್ನೆಗೇ ಬಂದು ಸೇರುತ್ತದೆ. ಗುಣೋತ್ತರ, ಸಮೀಕರಣ, ನಕ್ಷೆ ಮೂರೂ ಇಲ್ಲಿ ಒಂದೇ ಹಾಳೆಯ ಮೇಲೆ ಬಂದವು. ಅಂಕ ಕೊಟ್ಟದ್ದು ಉತ್ತರಕ್ಕಲ್ಲ, ಆ ಒಂದು ಪೈಸೆ ಎಲ್ಲಿಂದ ಬಂತು ಎಂಬ ವಿವರಣೆಗೆ.

ಏನಾಯಿತು, ಏನು ಉಳಿಯಿತು

ಯೋಜನೆ ಅಂದುಕೊಂಡಂತೆ ನಡೆಯಲಿಲ್ಲ. ಆಗಸ್ಟ್ 18, 19ರ ಮಳೆಗೆ ಶಾಲೆ ಮುಚ್ಚಿತು. ಅದರ ಮುಂದಿನ ವಾರವೇ ಗಣೇಶ ಚತುರ್ಥಿ. ಮುಂಬಯಿಯಲ್ಲಿ ಆಗಸ್ಟ್ ತಿಂಗಳಿಗೆ ಭಾರದ ಪಾಠ ಇಡಬಾರದು. ನಾವು ಜುಲೈ ಕೊನೆಗೇ ಬಹುಪದಿ ಶುರು ಮಾಡಿದ್ದರಿಂದ ಅಪವರ್ತನದ ನಡುವೆ ಸರಿಯಾಗಿ ಕಡಿತ ಬಿತ್ತು. ಬರುವ ವರ್ಷ ಆಗಸ್ಟ್‌ನಲ್ಲಿ ಗುಣೋತ್ತರ, ಸೆಪ್ಟೆಂಬರ್‌ನಲ್ಲಿ ಬಹುಪದಿ.

3ಎಕ್ಸ್ + 4 = 7ಎಕ್ಸ್ ಎಂಬ ತಪ್ಪು ದೀಪಾವಳಿ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಯಿತು. ಹಾಳೆಯಲ್ಲಿ ‘ಇನ್ನೂ ಮಾಡಲಿಕ್ಕೆ ಬರಲ್ಲ’ ಎಂದು ಬರೆದಿದ್ದ ಹುಡುಗಿ ಈಗ ರಾಶಿಯನ್ನು ರಾಶಿಯಾಗಿಯೇ ಬಿಟ್ಟು ಮುಂದೆ ಹೋಗುತ್ತಾಳೆ. ಸಪ್ಲೈಯರಿನ ಬಗೆಯ ಪ್ರಶ್ನೆಯಲ್ಲಿ ಸುಧಾರಣೆ ಇದೆ, ಆದರೆ ಸಂಖ್ಯೆ ಹಾಕಿ ತಾಳೆ ನೋಡು ಎಂದು ನೆನಪಿಸಬೇಕಾಗುತ್ತದೆ. ಹಠ ಹಿಡಿದು ಕೂತದ್ದು ಆವರಣದ ಮುಂದಿನ ಮೈನಸ್. −(2ಎಕ್ಸ್ − 5) ಎಂಬುದು ಎರಡನೇ ಅವಧಿಯ ಪರೀಕ್ಷೆಯಲ್ಲೂ ತರಗತಿಯ ಮೂರನೇ ಒಂದು ಭಾಗಕ್ಕೆ −2ಎಕ್ಸ್ − 5 ಆಯಿತು. ಡಬ್ಬಿ ಹಾಕುವ ಅಭ್ಯಾಸ ಇಲ್ಲಿಗೆ ಸಾಲದು. ಆವರಣವೇ ಒಂದು ಡಬ್ಬಿ, ಅದರ ಒಳಗೆ ಎರಡು ಡಬ್ಬಿ ಎಂದು ಇನ್ನೊಂದು ಹೆಜ್ಜೆ ಕಲಿಸಬೇಕು.

ಸಂಕ್ರಾಂತಿಗೂ ಜಾತ್ರೆಗೂ ಊರಿಗೆ ಹೋಗಿ ತಿಂಗಳು ಕಳೆದು ಬಂದ ಮೂರ್ನಾಲ್ಕು ಮಕ್ಕಳಿಗೆ ಈ ಯೋಜನೆಯಿಂದ ಹೆಚ್ಚು ಉಪಯೋಗವಾಗಲಿಲ್ಲ. ಅವರಿಗಾಗಿ ಪ್ರತಿ ಪಾಠದ ಎರಡು ಪುಟದ ಕನ್ನಡ ಹಾಳೆ ಮಾಡುತ್ತಿದ್ದೇವೆ, ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಇಟ್ಟುಕೊಳ್ಳಲು. ಮಕ್ಕಳ ಕೈಗೆ ಸಿಗುವ ಗೈಡುಗಳು ಹೆಚ್ಚಾಗಿ ಮರಾಠಿಯವು ಇಲ್ಲ ಇಂಗ್ಲಿಷಿನವು, ಆದ್ದರಿಂದ ಈ ಕೆಲಸ ನಮ್ಮಂಥ ಶಾಲೆಗಳೇ ಕೂಡಿ ಮಾಡಬೇಕು.

ಈಗ ಇದೇ ಮಕ್ಕಳು ಹತ್ತಕ್ಕೆ ಹೋಗುತ್ತಾರೆ. ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಹಾಳೆ ಇದೆ. ಅದರಲ್ಲಿ ಅಂಕದ ಪಕ್ಕದಲ್ಲಿ ಬಗೆಹರಿದ ತಪ್ಪು ಯಾವುದು, ಉಳಿದದ್ದು ಯಾವುದು ಎಂದು ಬರೆದಿದೆ. ಹತ್ತನೇ ತರಗತಿಯ ಮೊದಲ ಕಿರುಪರೀಕ್ಷೆಯನ್ನು ಆ ಹಾಳೆಗಳನ್ನು ಮುಂದಿಟ್ಟುಕೊಂಡೇ ತಯಾರಿಸಿದ್ದೇವೆ. ಅದರ ಎಂಟು ಪ್ರಶ್ನೆಗಳಲ್ಲಿ ಮೂರರಲ್ಲಿ ಆವರಣದ ಮುಂದೆ ಮೈನಸ್ ಇದೆ.